ಬೆಟಗೇರಿಯ ಹಾಸಿನ ರಸ್ತೆ

ಏಕೀಕರಣದ ಮರುವರ್ಷ, 1957ರಲ್ಲಿ, ನಾನು ಗದಗದಲ್ಲಿ ರಸ್ತೆ ಓವರ್‌ಸಿಯರ್ ಆಗಿದ್ದೆ. ಬೆಟಗೇರಿಯ ನೇಕಾರರ ಓಣಿಯೊಂದಕ್ಕೆ ಡಾಂಬರು ಹಾಕಿಸಿದವನು ನಾನೇ. ಓಣಿಯ ತುದಿಗೆ ಹೊಸ ಹತ್ತಿ ಗಿರಣಿ ಬಂದಿತ್ತು. ಅದರ ಲಾರಿಗಳಿಗೆ ದಾರಿ ಬೇಕಿತ್ತು. ಕೈಗಾರಿಕೆ ಬಂದರೆ ಊರೆಲ್ಲ ಉದ್ಧಾರವಾಗುತ್ತದೆ ಎಂದು ನಾನೂ ನಂಬಿದ್ದೆ.

ಆದರೆ ಆ ಓಣಿ ಬರೀ ದಾರಿಯಾಗಿರಲಿಲ್ಲ. ಸೀರೆಯ ಉದ್ದೆಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಬೀದಿಯುದ್ದ ಬಿಗಿದು ಕಟ್ಟಿ, ಗಂಜಿ ಹಚ್ಚಿ ತೀಡಬೇಕು. ಬಿಸಿಲೇರಿದರೆ ಎಳೆ ಬಿರುಸಾಗಿ ತುಂಡಾಗುತ್ತದೆ. ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಲಾರಿಗಳೂ ಅದೇ ಹೊತ್ತಿಗೆ ಬರತೊಡಗಿದವು.

ಒಂದು ಬೆಳಿಗ್ಗೆ ಲಾರಿಯೊಂದು ನೀಲವ್ವನ ಹಾಸಿನ ಮೇಲೆಯೇ ಹಾದುಹೋಯಿತು. ಗಂಡ ತೀರಿದ ಮೇಲೆ ಮಗ್ಗ ನಂಬಿಯೇ ಸಂಸಾರ ಸಾಗಿಸುತ್ತಿದ್ದ ಹೆಂಗಸು. ನಾನು ಹೋದಾಗ ಡಾಂಬರಿಗೆ ಅಂಟಿದ ನೂಲು ಬಿಡಿಸುತ್ತಿದ್ದಳು.

“ರಸ್ತೆ ಚಲೋ ಮಾಡೀರಿ, ಸಾಹೇಬ್ರ. ನಾವು ಹಾಸು ಎಲ್ಲಿ ಹಾಕೂಣ್ರಿ?”

ಗಿರಣಿ ಮಾಲೀಕರ ಬಳಿ ಹೋಗಿ, ಬೆಳಿಗ್ಗೆ ಎಂಟರವರೆಗೆ ಲಾರಿ ಬಿಡಬೇಡಿ ಎಂದೆ.

“ಆಗೂದಿಲ್ರಿ,” ಎಂದರು. “ಒಂದು ತಾಸು ಲಾರಿ ನಿಂತ್ರ ದೇಶಕ್ಕ ಲುಕ್ಸಾನ.”

ದೇಶಕ್ಕಂತೆ. ನನ್ನ ಮೇಲಧಿಕಾರಿಯೂ ಅದಕ್ಕೆ ತಲೆಯಾಡಿಸಿದರು. ಓಣಿಯ ಮಗ್ಗಗಳು ಒಂದೊಂದೇ ಸುಮ್ಮನಾದವು. ನೀಲವ್ವ ಅದೇ ಗಿರಣಿಗೆ ಹತ್ತಿ ಆರಿಸುವ ಕೂಲಿಗೆ ಹೋದಳು.

ಅಷ್ಟರಲ್ಲಿ, ಆಗಲೇ ನಡೆಯುತ್ತಿದ್ದ ಗಿರಣಿಯ ವಿಧ್ಯುಕ್ತ ಪ್ರಾರಂಭೋತ್ಸವಕ್ಕೆ ದಿನ ಗೊತ್ತಾಯಿತು. ಹೊಸ ರಾಜ್ಯದ ಗಣ್ಯರು ಬರುವವರಿದ್ದರು. ಅವರ ಮನೆಯವರಿಗೆ ಬೆಟಗೇರಿ ಸೀರೆಯನ್ನೇ ಕೊಡಬೇಕೆಂದು ಮಾಲೀಕರಿಗೆ ಹಟ. ನೀಲವ್ವನನ್ನು ಕೂಲಿಯಿಂದ ಎಬ್ಬಿಸಿ ಮತ್ತೆ ಮಗ್ಗಕ್ಕೆ ಕಳಿಸಿದರು. ಹಾಸು ಹಾಕಲೆಂದು ಮೂರು ಬೆಳಗು ಒಂದು ಲಾರಿಯೂ ಓಣಿಗೆ ಬರಲಿಲ್ಲ. ಗಿರಣಿ ಮುಚ್ಚಲಿಲ್ಲ, ದೇಶವೂ ಮುಳುಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಲಾರಿಗಳು ಮತ್ತೆ ಬಂದವು. ನನಗೆ ಮೈಯೆಲ್ಲ ಉರಿಯಿತು. ದುರಸ್ತಿಗೆಂದು ರಸ್ತೆ ಮುಚ್ಚುವ ಅಧಿಕಾರ ನನಗಿತ್ತು. ಮರುದಿನವೇ ಓಣಿಯ ಎರಡೂ ತುದಿಗೆ ಡಾಂಬರಿನ ಖಾಲಿ ಪೀಪಾಯಿ ನಿಲ್ಲಿಸಿ ‘ರಸ್ತೆ ದುರಸ್ತಿಯಲ್ಲಿದೆ’ ಎಂದು ಹಲಗೆ ಹಾಕಿಸಿದೆ. ದಿನಾ ಓಣಿಯವರ ಹಾಸಿನ ಕೆಲಸ ಮುಗಿದ ಮೇಲೆ, ಎಂಟಕ್ಕೆ ತೆಗೆಸುತ್ತಿದ್ದೆ.

ಕೂಲಿಗೆ ಮರಳದೆ ತನ್ನ ಹಾಸು ತೀಡುತ್ತಲೇ ನೀಲವ್ವ ನಕ್ಕಳು. “ಎಷ್ಟ ದಿನಾ ದುರಸ್ತಿ ಮಾಡ್ತೀರಿ, ಸಾಹೇಬ್ರ?”

“ನನ್ನ ಇಲ್ಲಿಂದ ಎತ್ತಿ ಒಗಿಯೂ ತನಕ, ಯವ್ವಾ.”

ಬಹಳ ದಿನ ಬೇಕಾಗಲಿಲ್ಲ. ನನ್ನನ್ನು ಮುಂಡರಗಿಗೆ ಹಾಕಿದರು, ಪೀಪಾಯಿಗಳೂ ಹೋದವು.

ಆಮೇಲೆ ಸೇವೆಯುದ್ದಕ್ಕೂ, ಯಾವ ರಸ್ತೆ ಅಳೆಯುವ ಮುಂಚೆಯೂ ನಸುಕಿನಲ್ಲೇ ಅಲ್ಲಿ ಹೋಗಿ ನಿಂತು, ಜನ ಆ ಜಾಗದಲ್ಲಿ ಏನು ಮಾಡುತ್ತಾರೆಂದು ನೋಡಿದ್ದೇನೆ. ಆಗುವುದಿಲ್ಲ ಎಂದು ಯಾರಾದರೂ ಅಂದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಗಣ್ಯರ ಸೀರೆಗಾಗಿ ಮೂರು ಬೆಳಗು ನಿಂತ ಲಾರಿ, ನೀಲವ್ವನ ರೊಟ್ಟಿಗಾಗಿ ಒಂದು ತಾಸು ನಿಲ್ಲಲಿಲ್ಲ.