ಲಾಲಸಾಬನೂ ಅಪ್ಪನ ಅರ್ಧಚಂದ್ರವೂ

ಅಥಣಿಯ ಕೈಗಡಿಯಾರ ರಿಪೇರಿಯ ಲಾಲಸಾಬನ ಮುಂದೆ ಪಾಲಿಶ್ ಎಂಬ ಮಾತೆತ್ತಿದರೆ ಅಂಗಡಿಯ ಗಡಿಯಾರಗಳೆಲ್ಲ ಹೆದರಿ ನಿಲ್ಲುತ್ತವೆ. “ಅಜ್ಜನ ವಾಚ್ ಹೊಸಾದ ಮಾಡಿದ್ರ ಎಷ್ಟ ಬಂದೀತ ಕಾಕಾ?” ಎಂದವರಿಗೆ, “ಡಾಯಲ್ ಬದಲಿಸಿದ್ರ ಅರ್ಧಾ ಬೆಲಿ ಹೋತು, ಗೀರು ಉಜ್ಜಿದ್ರ ಉಳದದ್ದೂ ಹೋತು! ಅಜ್ಜ ಇದ್ದಿದ್ರ ಅವಂಗೂ ಬಣ್ಣಾ ಬಳೀತಿದ್ದೇನಲೇ?” ಎಂದು ಬೈದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಯಾರೂ ಕೇಳದಿದ್ದರೂ ಹಿಂದಿನ ಮುಚ್ಚಳ ಬಿಚ್ಚುತ್ತಾನೆ. ಮುಚ್ಚಳದ ಒಳಗೆ ರಿಪೇರಿಯವರು ಸೂಜಿಯಿಂದ ತಮ್ಮ ಗುರುತು ಗೀಚುವುದುಂಟು. ಇದೇ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದ, ಅಕ್ಷರ ಬಾರದ ಲಾಲಸಾಬನ ಅಪ್ಪ ಅರ್ಧಚಂದ್ರ ಗೀಚುತ್ತಿದ್ದ. ಆ ಮನುಷ್ಯನ ಕೈಬರಹವೆಂದರೆ ಅದೊಂದೇ. ಅಪ್ಪ ತೀರಿದ ಮೇಲೆ ಅವನ ಸ್ವಂತ ವಾಚನ್ನು ಲಾಲಸಾಬ, ಬೆಲೆ ಹೆಚ್ಚೀತೆಂದು, ಒಳಗೂ ಹೊರಗೂ ಉಜ್ಜಿ ಕನ್ನಡಿ ಮಾಡಿದ. ಒಳಗಿನ ಅರ್ಧಚಂದ್ರ ಅಳಿಸಿಹೋಯಿತು, ಕೊಳ್ಳಲು ಬಂದವನೂ “ಇದು ಹಳೇದು ಅನಸೂದಿಲ್ಲರಿ” ಎಂದು ಎದ್ದುಹೋದ. ಅಂದಿನಿಂದ ಕಂಡವರ ವಾಚುಗಳಲ್ಲೆಲ್ಲ ಆ ಅರ್ಧಚಂದ್ರವನ್ನು ಹುಡುಕುತ್ತಾನೆ. ಮೊನ್ನೆ ಐನಾಪುರದ ಮುರಗೆಪ್ಪ ತಂದ ವಾಚಿನಲ್ಲಿ ಅದು ಸಿಕ್ಕೇಬಿಟ್ಟಿತು. ಲಾಲಸಾಬ ಮುಚ್ಚಳವನ್ನು ಬೆಳಕಿಗೆ ಹಿಡಿದ. ಮುರಗೆಪ್ಪ ಬಗ್ಗಿ ನೋಡಿ, “ಯಾವ ಹುಚ್ಚನೋ ಏನೋ, ಒಳಗ ಗೀಚಿಟ್ಟಾನ್ರಿ ಕಾಕಾ! ಮೊದಲ ಅದನ್ನ ಉಜ್ಜಿ ತಗೀರಿ” ಎಂದ.