ಕರೆದರೆ ಹೊತ್ತುವ ದೀಪ

ಅವರ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಎಂದೋ ಸ್ಕ್ರೂಡ್ರೈವರ್ ಜಾರಿ ಆದ ಗಾಯ. ಉಗುರು ಬೆಳೆದಂತೆಲ್ಲ ಸೀಳೂ ಬೆಳೆಯುತ್ತಿತ್ತು. ಆ ಬೆರಳಿನಿಂದಲೇ ಅವರು ಕೀಬೋರ್ಡಿನ ಒಂದು ಗುಂಡಿಯನ್ನು, ಪರಿಚಯದವರ ಬಾಗಿಲು ತಟ್ಟುವ ಹಾಗೆ, ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು. ಅದು ಬಲಗೈ ಬೆರಳು. ಹಳೆಯ ಡೈರಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ಅವರ ವಿಷಯದಲ್ಲಿ ಬರೀ ನೆನಪನ್ನು ನಂಬುವ ಧೈರ್ಯ ಈಗ ನನಗಿಲ್ಲ.

ಕುಷ್ಟಗಿಯಲ್ಲಿ ಅವರದೊಂದು ಸಣ್ಣ ರಿಪೇರಿ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟೀವಿ, ಕೊನೆಗೆ ಕಂಪ್ಯೂಟರ್. ಓಣಿಯವರಿಗೆಲ್ಲ ಅವರು ಕಾಕಾ. ನಾನು ಆಗ ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು, ಹಾಗಾಗಿ ಅವರ ಬಾಯಲ್ಲಿ ‘ಅಕ್ಕೋರು’.

ಅವ್ವ ತೀರಿಕೊಂಡ ಮೂರನೆಯ ತಿಂಗಳಲ್ಲಿ ನನ್ನ ಕಂಪ್ಯೂಟರಿನ ಪರದೆ ಕಪ್ಪಾಯಿತು. ತನ್ನ ಕೊನೆಯ ಬೇಸಿಗೆಯಲ್ಲಿ ಅವ್ವ ನನ್ನ ಮುಂದೆ ಕುಳಿತು ಬೀಸುವ ಪದಗಳನ್ನು ಹಾಡಿದ್ದಳು. ಮೂವತ್ತಕ್ಕೂ ಹೆಚ್ಚು ಹಾಡು, ಎಲ್ಲವೂ ಅದರೊಳಗೇ ಇದ್ದವು. ಎಂ.ಎ. ಓದಿದ ನನಗೆ ಇನ್ನೊಂದು ಪ್ರತಿ ತೆಗೆದಿಡುವ ಬುದ್ಧಿ ಇರಲಿಲ್ಲ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನಿನ ಸದ್ದು ಬಂತು, ಪರದೆಯ ಮೇಲೆ ಏನೂ ಬರಲಿಲ್ಲ. ವೈರುಗಳನ್ನು ಕಿತ್ತು ಸಿಕ್ಕಿಸಿದೆ, ಪರದೆಯ ತಲೆಗೆ ಎರಡು ಏಟು ಕೊಟ್ಟೆ, ಕೊನೆಗೆ ಅಂಗಡಿಗೆ ಓಡಿದೆ.

“ಕಾಕಾ, ನಮ್ಮ ಕಂಪ್ಯೂಟರ್ ಸತ್ತು ಹೋಗೇತ್ರಿ.”

ಅವರು ಚಹಾದ ಕಪ್ಪು ಕೆಳಗಿಟ್ಟರು. “ಹಂಗ ಅನಬ್ಯಾಡ್ರಿ ಅಕ್ಕೋರ. ಪರದೆ ಕರ್ರಗಾಗೈತಿ ಅನ್ರಿ. ಕಣ್ಣಿಗೆ ಕಂಡಿದ್ದಷ್ಟ ಹೇಳ್ರಿ.”

ಮನೆಗೆ ಬಂದವರು ಚೀಲ ಬಿಚ್ಚಲಿಲ್ಲ. ಕಂಪ್ಯೂಟರ್ ಶುರು ಮಾಡಿ ಕಣ್ಣು ಮುಚ್ಚಿ ಕುಳಿತು ಅದರ ಸದ್ದು ಕೇಳಿದರು. ಆಮೇಲೆ ಆ ಸೀಳು ಉಗುರಿನ ಬೆರಳಿನಿಂದ ಅಂಕಿಗಳ ಮೇಲಿರುವ ನಮ್ ಲಾಕ್ ಗುಂಡಿಯನ್ನು ತಟ್ಟಿದರು. ಕೀಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಹೊತ್ತಿತು. ಮತ್ತೆ ತಟ್ಟಿದರು, ಆರಿತು.

“ನೋಡ್ರಿ, ಓಗೊಟ್ಟಿತು. ಒಳಗ ಎಚ್ಚರ ಐತಿ. ಕರದು ನೋಡದ ಇಲ್ಲ ಅನಬಾರದ್ರಿ.”

ಕಿಟಕಿ ಮುಚ್ಚಲು ಹೇಳಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರು. ಒರೆಸಿದ ಪಾಟಿಯ ಮೇಲೆ ಹಳೆಯ ಅಕ್ಷರ ಉಳಿದಿರುವಂತೆ, ಆ ಕಪ್ಪಿನೊಳಗೆ ಅವ್ವನ ಮುಖ ಕಂಡಿತು. ಪರದೆಗೆ ನಾನೇ ಹಾಕಿಟ್ಟಿದ್ದ ಫೋಟೊ. ಮೂಗುಬಟ್ಟು ಸಹ ಗೊತ್ತಾಗುತ್ತಿತ್ತು.

“ಪರದೆ ಹಿಂದಿನ ದೀಪ ಹೋಗೈತಿ, ಅಷ್ಟ. ಚಿತ್ರ ಎಲ್ಲೂ ಹೋಗಿಲ್ಲ.” ನನ್ನ ಕಣ್ಣು ತುಂಬಿದ್ದು ಕಂಡಿರಬೇಕು, ಮಾತು ತಿರುಗಿಸಿದರು. “ಸಾಲ್ಯಾಗ ಹುಡುಗೂರಿಗೆ ಒಂದು ತಪ್ಪಿಗೆ ಹತ್ತು ಸಲ ಬರೀರಿ ಅಂತೀರಿ. ನಿಮ್ಮವ್ವನ ಹಾಡು ಮಾತ್ರ ಒಂದ ಕಡೆ ಇಟ್ಟೀರಿ! ಛಲೋ ಮಾಸ್ತರಕಿ ಬಿಡ್ರಿ ನಿಮ್ದು.”

ಅಂಗಡಿಯಿಂದ ಬೇರೆ ಪರದೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದು ಜೋಡಿಸಿದರು. ಎಲ್ಲಕ್ಕೂ ಮೊದಲು ಹಾಡುಗಳನ್ನು ಎರಡು ಪೆನ್‌ಡ್ರೈವಿಗೆ ಇಳಿಸಿದರು. ಸರಿಯಾಗಿ ಬಂದಿವೆಯೇ ಎಂದು ಒಂದನ್ನು ಹಚ್ಚಿದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವ್ವ ಹಾಡುತ್ತ ಹಾಡುತ್ತ ನಡುವೆ ನಿಲ್ಲಿಸಿ, “ಕೇಳಾಕತ್ತೀಯಿಲ್ಲೋ?” ಎಂದಳು. ಹೊರಗಿನಿಂದ ಅವರ ದನಿ ಬಂತು: “ಹೂಂನ್ರಿ ಯವ್ವಾ, ಕೇಳಾಕತ್ತೀನ್ರಿ.”

ಚಹಾ ತಂದಾಗ ಅವರು ತಲೆ ಬಗ್ಗಿಸಿ, ಇಲ್ಲದ ಸ್ಕ್ರೂ ಒಂದನ್ನು ನೆಲದಲ್ಲಿ ಹುಡುಕುತ್ತಿದ್ದರು.

ತಮ್ಮ ಹಳೆಯ ತಪ್ಪನ್ನು ಅವರು ಹೇಳಿದ್ದು ಅದೇ ದಿನವೋ ಇನ್ನೊಂದು ದಿನವೋ, ಡೈರಿಯಲ್ಲಿಲ್ಲ. ದೀಪಾವಳಿ ಮುಂದಿನ ಗದ್ದಲದಲ್ಲಿ ಯಲಬುರ್ಗಾ ಕಡೆಯ ಗಂಡಹೆಂಡತಿ ಹೀಗೇ ಕಪ್ಪಾದ ಕಂಪ್ಯೂಟರ್ ತಂದಿದ್ದರಂತೆ. ಇವರು ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ; ‘ಸತ್ತೈತಿ, ಗುಜರಿಗೆ ಹಾಕ್ರಿ’ ಎಂದುಬಿಟ್ಟರು. ಆ ಗಂಡಹೆಂಡತಿ ಹಾಗೆಯೇ ಮಾಡಿದರು. ತೀರಿಹೋದ ಮಗಳ ಫೋಟೊಗಳು ಅದರಲ್ಲಿದ್ದವೆಂದು ಇವರಿಗೆ ಆಮೇಲೆ ತಿಳಿಯಿತು. ಕಾಕಾ ಹುಡುಕುತ್ತ ಗಂಗಾವತಿಯ ಗುಜರಿ ಅಂಗಡಿಯವರೆಗೂ ಹೋದರು. ಪರದೆ ಸಿಕ್ಕಿತು. ಹಿಂದಿನ ದೀಪ ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಫೋಟೊಗಳಿದ್ದ ಕಂಪ್ಯೂಟರಿನ ಡಬ್ಬಿಯನ್ನು ಅಷ್ಟರಲ್ಲಿ ಒಡೆದು ಮಾರಿಯಾಗಿತ್ತು.

“ನಾ ಬಾಯಿಲೆ ಕೊಂದ್ನಿರಿ ಅದನ್ನ,” ಎಂದಿದ್ದರು. ಅಂದಿನಿಂದ ಯಾವ ಯಂತ್ರದ ಬಗೆಗೂ ‘ಸತ್ತೈತಿ’ ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಗಿರಾಕಿಗಳ ಬಾಯಿಂದ ಬಂದರೂ ಸಹಿಸುತ್ತಿರಲಿಲ್ಲ.

ಮುಂದೆ ನನಗೆ ಗಂಗಾವತಿಗೆ ವರ್ಗವಾಯಿತು. ನಾಲ್ಕೈದು ವರ್ಷದ ಮೇಲೆ, ಕಾಕಾಗೆ ಲಕ್ವ ಹೊಡೆದಿದೆ, ಕೊಪ್ಪಳದ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ ಎಂದು ಗೊತ್ತಾಗಿ ಕುಷ್ಟಗಿಗೆ ಹೋದೆ. ಬಲಭಾಗ ಪೂರ್ತಿ ಬಿದ್ದಿತ್ತು. ಕಣ್ಣು ಮುಚ್ಚಿತ್ತು. ಮಂಚದ ಸುತ್ತ ನಾಲ್ಕೈದು ಜನ ಕುಳಿತಿದ್ದರು.

“ಅವರಿಗೇನೂ ತಿಳ್ಯಂಗಿಲ್ರಿ ಈಗ,” ಎಂದರು ಒಬ್ಬರು.

“ಹಂಗ ಅನಬ್ಯಾಡ್ರಿ,” ಎಂದರು ಅವರ ಹೆಂಡತಿ, ನಾನು ಕಾಕೂ ಎಂದು ಕರೆಯುವವರು. ನನ್ನ ಕಡೆ ತಿರುಗಿ, “ಅಕ್ಕೋರ, ನೀವರ ಒಂದ್ಸಲ ಕರದು ನೋಡ್ರಿ. ನಿಮ್ಮ ದನಿ ಗುರ್ತೈತಿ ಅವರಿಗೆ,” ಎಂದು ಹೇಳಿ ಚಹಾ ಇಡಲು ಒಳಗೆ ಹೋದರು.

ನಾನು ನೋಡಿ ಬಂದ ಒಂಬತ್ತನೆಯ ದಿನಕ್ಕೆ ಕಾಕಾ ತೀರಿಕೊಂಡರು. ದಿನಕರ್ಮಕ್ಕೆ ಹೋದಾಗ ಕಾಕೂ ನನ್ನ ಕೈ ಹಿಡಿದು, “ಅವತ್ತ ಕರದ್ರೇನ್ರಿ?” ಎಂದು ಕೇಳಿದರು. “ಕರದ್ನಿರಿ ಕಾಕೂ. ಬೆರಳು ಎರಡು ಸಲ ಆಡಿತ್ರಿ,” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನ್ನಿಸಿರಲಿಲ್ಲ. ನಾನು ಬಾಗಿ ‘ಕಾಕಾ’ ಎಂದಿದ್ದು, ದುಪ್ಪಟಿಯ ಮೇಲೆ ಆ ಸೀಳು ಉಗುರಿನ ಬೆರಳು ಮೆಲ್ಲಗೆ ತಟ್ಟಿದ್ದು, ಎರಡೂ ಕಣ್ಣಿಗೆ ಕಟ್ಟಿದಂತಿದ್ದವು. ಎರಡು ವರ್ಷ ಅದನ್ನು ನಂಬಿ ಬದುಕಿದೆ.

ಕಳೆದ ತಿಂಗಳು ಕಪಾಟು ಸರಿಸುವಾಗ ಆ ವರ್ಷದ ಡೈರಿ ಸಿಕ್ಕಿತು. ಅಕ್ಷರ ನನ್ನದೇ: “ಕಾಕಾನನ್ನು ನೋಡಿ ಬಂದೆ. ಕರೆಯಲಿಲ್ಲ. ಜನರಿದ್ದರು, ನಾಚಿಕೆಯಾಯಿತು. ಕರೆದು ಏನು ಉಪಯೋಗ ಅನ್ನಿಸಿತು. ಐದರ ಬಸ್ಸಿಗೆ ವಾಪಸ್.”

ಮುಂದಿನ ಪುಟ ತಿರುಗಿಸಿದೆ, ಹಿಂದಿನದೂ ನೋಡಿದೆ. ಬೇರೇನೂ ಇಲ್ಲ. ಬಲಭಾಗವೇ ಬಿದ್ದಿತ್ತೆಂದ ಮೇಲೆ ಬಲಗೈ ಬೆರಳು ಹೇಗೆ ಆಡೀತು ಎಂಬ ಪ್ರಶ್ನೆ ಎರಡು ವರ್ಷ ನನಗೆ ಯಾಕೆ ಹುಟ್ಟಲಿಲ್ಲ? ಅಥವಾ ಹುಟ್ಟಿದಾಗಲೆಲ್ಲ ಅದನ್ನು ನಾನೇ ಆಚೆ ತಳ್ಳಿದ್ದೆನೋ?

ಹೇಳಿಬಿಡಬೇಕೆಂದು ಹೋದ ಭಾನುವಾರ ಕುಷ್ಟಗಿಗೆ ಹೋದೆ. ಕಾಕೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನೆರೆಮನೆಯಾಕೆಗೆ, “ಇವರ ನೋಡವಾ, ನಮ್ಮವರನ್ನ ಕರದ ಅಕ್ಕೋರು,” ಎಂದರು. “ಉಳದವರೆಲ್ಲ ಹೆಣ ನೋಡಾಕ ಬಂದಂಗ ಬಂದು, ಕುಂತು, ಚಾ ಕುಡದು ಹ್ವಾದ್ರು. ಡಾಕ್ಟರು ಸೈತ ಆ ಕೈ ಹೋತು ಅಂದಿದ್ರು. ಇವರು ಕರದ ಕೂಡ್ಲೆ ಓಗೊಟ್ರು.” ಆಮೇಲೆ ನನ್ನ ಕಡೆ ನೋಡಿದರು. “ಯಾವ ಬೆರಳ್ರಿ ಅಕ್ಕೋರ? ಇನ್ನೊಮ್ಮೆ ಹೇಳ್ರಿ, ಈಕೀನೂ ಕೇಳ್ಲಿ.”

ಅವರ ಕೈ ಮೊರದ ಮೇಲೆ ನಿಂತಿತ್ತು.

“ಸೀಳು ಉಗುರಿಂದು, ಕಾಕೂ,” ಎಂದೆ.

ಈ ಸಲ ತಿಳಿದೂ ಹೇಳಿದೆ. ಅದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಮನೆಗೆ ಬಂದು ಅವ್ವನ ಹಾಡು ಹಚ್ಚಿದೆ. ಅದೇ ಜಾಗದಲ್ಲಿ ಅವ್ವ ನಿಲ್ಲಿಸಿ, “ಕೇಳಾಕತ್ತೀಯಿಲ್ಲೋ?” ಎಂದಳು. ಕಾಕಾ ಆ ದಿನ ನಮ್ಮ ಮನೆಯಲ್ಲಿ ಕುಳಿತು ಅದಕ್ಕೆ ಉತ್ತರ ಕೊಟ್ಟದ್ದೂ ನಾನೇ ಕಟ್ಟಿಕೊಂಡ ನೆನಪೇ ಎಂದು ಹೆದರಿ ಹಳೆಯ ಡೈರಿ ತೆಗೆದೆ. ಇಲ್ಲ, ಅದು ಇದೆ. ಮಾತಿಗೆ ಮಾತು ಹಾಗೆಯೇ ಬರೆದಿದ್ದೇನೆ. ಎಂದೂ ಕಾಣದ, ಆಗಲೇ ತೀರಿಹೋಗಿದ್ದ ಹೆಂಗಸೊಬ್ಬಳ ದನಿಗೆ ಓಗೊಟ್ಟವರು ಅವರು. ಅವರಿಗೆ ಇನ್ನೂ ಉಸಿರಿದ್ದಾಗ, ಒಂದು ಮೊಳ ದೂರದಲ್ಲಿ ಕುಳಿತಿದ್ದ ನಾನು, ಅವರನ್ನು ಕರೆಯಲಿಲ್ಲ.