ಹಟ್ಟಿಯ ದಾರಿಗೆ ಮುಳ್ಳು ಬಿದ್ದ ಬೇಸಿಗೆ

ಹಟ್ಟಿಯವರು ಕಲ್ಲೆದೆಯವರು, ಕಾಯಿಲೆ ಕಾಲದಲ್ಲಿ ಯಾರನ್ನೂ ಒಳಗೆ ಬಿಡಲಿಲ್ಲ ಎಂದು ಈ ಊರಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ನಡೆದದ್ದು ಅದಲ್ಲ. ನಮ್ಮ ರೋಗವನ್ನು ನಾವು ಹೋಳಿಗೆ, ಮೊಸರನ್ನದ ಜೊತೆ ಅವರ ಗಡಿಯಲ್ಲಿ ಇಟ್ಟು ಬಂದೆವು. ಅವರು ದಾರಿಗೆ ಮುಳ್ಳು ಎಳೆದರು. ಆ ಹೊತ್ತಿಗೆ ನನ್ನ ಮಗಳು ಮುಳ್ಳಿನ ಆಚೆ ಇದ್ದಳು. ಅವಳ ಮೊಲೆಹಾಲಿನ ಕೂಸು ಈಚೆ, ನನ್ನ ಸೊಂಟದ ಮೇಲಿತ್ತು.

ಹೊನ್ನಾಳಿ, ನ್ಯಾಮತಿ ಕಡೆಯ ನನ್ನ ಜನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಊರಿಗೆ ಬಂದಾಗಲೆಲ್ಲ ಆ ಒಣಸೀಮೆಯಲ್ಲಿ ಹೆಂಗಿದ್ದೀಯೇ ಎಂದು ಕೇಳುತ್ತೀರಿ. ಹೇಳಲು ಬಾಯಿ ತೆರೆದರೆ ಎಲೆಅಡಿಕೆ ತಟ್ಟೆ ಹುಡುಕುತ್ತಾ ಒಳಗೆ ಹೋಗುತ್ತೀರಿ. ನಾನು ಕಲಿತದ್ದು ಮೂರನೇ ಕ್ಲಾಸು. ತಪ್ಪು ಕಂಡರೆ ತಿದ್ದಿಕೊಳ್ಳಿ.

ಎಮರ್ಜೆನ್ಸಿ ಮುಗಿದ ವರ್ಷ ಮಗಳು ಶಾರದಳಿಗೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ನರ್ಸ್ ಕೆಲಸವಾಯಿತು. ಅಳಿಯ ಸಂತೇಬೆನ್ನೂರಿನಲ್ಲಿ ಮೇಷ್ಟ್ರು, ತಿಂಗಳಿಗೊಮ್ಮೆ ಮುಖ ತೋರಿಸುವವನು. ಕೂಸು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ನಾನು ಗಂಡ ಸತ್ತವಳು, ಅಣ್ಣನ ಮನೆಯಲ್ಲಿ ಎಲ್ಲರಿಗೂ ರೊಟ್ಟಿ ಬಡಿದು ಕೊನೆಗೆ ಉಣ್ಣುವವಳು. ಟ್ರಂಕು ಹಿಡಿದು ಹೊರಟೆ. ಹರಿಹರ ದಾಟಿ, ದಾವಣಗೆರೆ ದಾಟಿ, ಬಸ್ಸು ಮುಂದೆ ಹೋದ ಹಾಗೆ ಹಸಿರು ಹಿಂದೆ ಉಳಿಯಿತು. ಕೊನೆಗೆ ಕಲ್ಲು, ಜಾಲಿ, ಕೆಂಪು ದೂಳು ಇಷ್ಟೇ.

ನಮ್ಮ ಕಡೆ ಹೆಂಚಿನ ಮನೆ, ಇಲ್ಲಿ ಮಣ್ಣಿನ ಮಾಳಿಗೆ. ನಮ್ಮಲ್ಲಿ ಹೊಳೆಗೆ ಇಳಿದು ಕೊಡ ಮುಳುಗಿಸಿದರೆ ಮುಗಿಯಿತು, ಇಲ್ಲಿ ಹಗ್ಗ ಎಳೆದೂ ಎಳೆದೂ ಅಂಗೈ ಸುಲಿಯುತ್ತದೆ. ಅಷ್ಟಾದರೂ ಸಿಗುವುದು ಸವುಳು ನೀರು. ಸೋಪು ನೊರೆ ಕಟ್ಟುವುದಿಲ್ಲ, ಬೇಳೆ ಬೇಯುವುದಿಲ್ಲ. ಮನೆ ಕೊಟ್ಟ ಗಂಗಕ್ಕ ಗೋಡೆಯ ಆಚೆಯೇ ಇದ್ದಳು, ಗಂಡ ತಿಪ್ಪಣ್ಣನ ಜೊತೆ. ಅವರಿಗೆ ಮಕ್ಕಳಿರಲಿಲ್ಲ. ಮೊದಲ ದಿನ ಅವಳು ತಂದ ರಾಗಿ ಮುದ್ದೆಯನ್ನು ನಾನು ಅಗಿಯುತ್ತಾ ಕೂತಿದ್ದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಗಿಯಬ್ಯಾಡ್ರೀ, ನುಂಗ್ರಿ! ಹಲ್ಲಿಗೆ ಯಾಕೆ ಸುಮ್ಮನೆ ಕೂಲಿ?"

ಗಂಟಿಲ್ಲದ ಮುದ್ದೆ ಮಾಡುವುದನ್ನು ಕಲಿಸಿದವಳೂ ಅವಳೇ. ಕಲಿತ ದಿನ ಅಕ್ಕಪಕ್ಕದವರನ್ನು ಕರೆದು, "ನೋಡ್ರೇ, ಹೊಳೆಸಾಲಮ್ಮ ಪಾಸಾದ್ಲು" ಎಂದಳು. ಅಲ್ಲಿಂದ ನನ್ನ ಹೆಸರು ಹೊಳೆಸಾಲಮ್ಮ ಎಂದೇ ಉಳಿಯಿತು. ಸ್ವಂತ ಹೆಸರು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ.

ಊರ ಹಿಂದಿನ ಗುಡ್ಡದ ಆಚೆ ಹಟ್ಟಿ. ಕುರಿ, ದನ ಸಾಕುವ ಬುಡಕಟ್ಟಿನವರು. ಗುಡಿಸಲುಗಳ ಸುತ್ತ ಜಾಲಿಮುಳ್ಳಿನ ಬೇಲಿ ಇರುತ್ತದೆ, ಅದಕ್ಕೆ ಕಳ್ಳೆ ಎನ್ನುತ್ತಾರೆ. ಕುರಿ ಕೂಡುವ ಜಾಗಕ್ಕೆ ರೊಪ್ಪ ಎನ್ನುತ್ತಾರೆ. ಅವರಲ್ಲಿಗೆ ನೇರ ಹೋಗುವ ಹಾಗಿಲ್ಲ. ದಾರಿಯಲ್ಲಿ ಒಂದು ನೆಟ್ಟ ಕಲ್ಲಿದೆ. ಅಲ್ಲಿ ಚಪ್ಪಲಿ ಬಿಟ್ಟು, ಕೂಗಿ, ಒಳಗಿನಿಂದ ಯಾರಾದರೂ ಬಂದು ಕರೆಯುವ ತನಕ ನಿಲ್ಲಬೇಕು. ಕರೆಯದಿದ್ದರೆ ವಾಪಸ್ಸು. ನಮ್ಮ ಕಡೆ ಯಾರ ಮನೆಗಾದರೂ ಅಡುಗೆಮನೆ ತನಕ ಹೋಗಿ ಸಾರಿನ ಮುಚ್ಚಳ ತೆಗೆದು ನೋಡುವವಳು ನಾನು. ಮೊದಲ ಸಲ ಶಾರದಳ ಜೊತೆ ಹೋದಾಗ ಅವಳನ್ನು ಮಾತ್ರ ಕರೆದರು. ಬಿಸಿಲು ನೆತ್ತಿಗೇರುವ ತನಕ ಕಲ್ಲಿನ ಹತ್ತಿರ ನಿಂತು ಬಾಯಿಗೆ ಬಂದದ್ದು ಬೈದುಕೊಂಡೆ.

ಮರುವರ್ಷದ ಬೇಸಿಗೆಯಲ್ಲಿ ಹಟ್ಟಿಯಿಂದ ಕರೆ ಬಂತು. ಒಬ್ಬಳಿಗೆ ಹೆರಿಗೆ ಕಷ್ಟವಾಗಿತ್ತು, ಕೂಸು ಅಡ್ಡ ತಿರುಗಿತ್ತು. ಬಿಸಿಲು ಜೋರಿದೆ ಎಂದು ಶಾರದ ತನ್ನ ಕೂಸು ಪುಟ್ಟಿಯನ್ನು ನನ್ನ ಹತ್ತಿರ ಬಿಟ್ಟು, ಸಂಜೆಗೆ ಬರುತ್ತೇನೆಂದು ಚೀಲ ಹಿಡಿದು ಹೋದಳು. ಸಂಜೆ ಬರಲಿಲ್ಲ. ಅದೇ ಸಂಜೆ ನಮ್ಮ ಕೇರಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು.

ಇಂಥ ಕಾಯಿಲೆ ಬಂದರೆ ಏನು ಮಾಡುತ್ತಾರೆ ಎಂದು ನಿಮಗೆ ಗೊತ್ತು. ನಮ್ಮಲ್ಲೂ ಅದೇ ಪದ್ಧತಿ. ರೋಗ ತರುವ ದೇವತೆಗೆ ಅಜ್ಜಿ ಎನ್ನುತ್ತೇವೆ. ಮನೆಮನೆಯಲ್ಲಿ ಹೋಳಿಗೆ ಮಾಡಿ, ಹೊಸ ಕುಡಿಕೆಗೆ ಬೇವಿನ ಸೊಪ್ಪು ಸಿಕ್ಕಿಸಿ, ಬಳೆ, ಮೊಸರನ್ನ ಇಟ್ಟು, ಹೆಂಗಸರೆಲ್ಲ ಊರ ಹೊರಗೆ ಹೊತ್ತುಕೊಂಡು ಹೋಗುವುದು. ಮುಂದಕ್ಕೆ ಹೋಗವ್ವ ಎಂದು ಕೈಮುಗಿದು, ತಿರುಗಿ ನೋಡದೆ ಬರುವುದು. ಮಾರನೆಯ ದಿನ ಈ ಊರಿನವರೂ ಅದನ್ನೇ ಮಾಡಿದರು. ನಾನೂ ಹೂರಣ ರುಬ್ಬಿದೆ, ಕುಡಿಕೆ ಹೊತ್ತೆ. ಇಟ್ಟದ್ದು ಗುಡ್ಡದ ಆಚೆ ಬದಿಯಲ್ಲಿ. ಈ ಊರಿನವರು ಮೊದಲಿನಿಂದಲೂ ಇಡುತ್ತಿದ್ದುದು ಅಲ್ಲೇ.

ಅದರ ಮರುದಿನ ಪುಟ್ಟಿಗೆ ಹಾಲು ಕುಡಿಸಿಕೊಂಡು ಬರೋಣ ಎಂದು ಹಟ್ಟಿಯ ಕಡೆ ಹೋದೆ. ನೆಟ್ಟ ಕಲ್ಲಿನಿಂದ ಆಚೆ ದಾರಿಯೇ ಇರಲಿಲ್ಲ. ಎದೆಮಟ್ಟ ಜಾಲಿ ಕಡಿದು ಅಡ್ಡ ಹಾಕಿ, ಮೇಲೆ ಬೇವಿನ ಸೊಪ್ಪು ಹೊದಿಸಿದ್ದರು. ಆಚೆ ಕಡೆ ಕೋಲು ಹಿಡಿದು ಇಬ್ಬರು ಕೂತಿದ್ದರು. ಕೂಗಿದೆ. ಶಾರದ ಬಂದು ದೂರದಲ್ಲೇ ನಿಂತಳು.

"ಅವ್ವಾ, ಅಲ್ಲೇ ನಿಂದ್ರು."

"ಕೂಸು ರಾತ್ರಿಯೆಲ್ಲ ಅತ್ತೈತೆ. ಬಾ ಈಚೆ."

"ಬಂದ್ರೆ ಮತ್ತೆ ಒಳಗೆ ಬಿಡಾಕಿಲ್ಲ. ಬಾಣಂತಿಗೆ ಜ್ವರ ಏರೈತೆ. ನಾನು ಬಿಟ್ಟು ಬಂದ್ರೆ ಉಳಿಯಾಕಿಲ್ಲ ಆಕೆ."

"ನಿನ್ನ ಕೂಸು ಉಳೀತೈತಾ?"

ಅವಳು ಸೆರಗು ಎದೆಗೆ ಒತ್ತಿಕೊಂಡಳು. ಹಾಲು ಸೋರಿ ರವಿಕೆ ನೆನೆದಿತ್ತು.

"ನೀರು ಕುದಿಸದೆ ಕೊಡಬ್ಯಾಡ. ಹೊನ್ನಾಳಿಗೆ ಕರ್ಕೊಂಡು ಹೋಗವ್ವಾ" ಎಂದು ಹೇಳಿ ತಿರುಗಿ ಓಡಿದಳು.

ಅಣ್ಣನಿಗೆ ಲಾರಿಯವನೊಬ್ಬನ ಕೈಯಲ್ಲಿ ಸುದ್ದಿ ಕಳಿಸಿದೆ. ಮಾರನೆಯ ದಿನ ಟ್ರಂಕು, ಕೂಸು ಹಿಡಿದು ಟಾರು ರಸ್ತೆಯಲ್ಲಿ ಕೂತೆ. ಆಗಲೇ ಬಸ್ಸುಗಳು ನಮ್ಮ ಊರಿನ ಹತ್ತಿರ ನಿಲ್ಲುತ್ತಿರಲಿಲ್ಲ. ಒಂದು ಬಸ್ಸು ನಿಧಾನವಾಯಿತು. ಮೆಟ್ಟಿಲ ಮೇಲೆ ಅಣ್ಣನೇ ನಿಂತಿದ್ದ. ಕರೆದುಕೊಂಡು ಹೋಗಲು ಬಂದಿದ್ದಾನೆ ಎಂದುಕೊಂಡು ಎದ್ದೆ. ಅವನು ಅಕ್ಕಿಯ ಚೀಲವನ್ನು ರಸ್ತೆಗೆ ಇಳಿಬಿಟ್ಟ.

"ತಂಗೀ, ಸದ್ಯ ಬರಬ್ಯಾಡ. ಮನ್ಯಾಗೆ ಸಣ್ಣ ಮಕ್ಕಳು ಅದಾವೆ. ಮಳೆ ಬೀಳಲಿ, ನಾನೇ ಬರ್ತೀನಿ."

"ಇದೇನು ಮುದುಕಿನಾ? ಇದೂ ಸಣ್ಣ ಮಗೂನೇ" ಎಂದು ಪುಟ್ಟಿಯನ್ನು ಎತ್ತಿ ತೋರಿಸಿದೆ. ಅಷ್ಟರಲ್ಲಿ ಕಂಡಕ್ಟರು, "ಈ ಊರೋರು ಹತ್ತಂಗಿಲ್ಲ ರೀ, ಮೇಲಿನವರ ಆರ್ಡರು" ಎಂದು ಸೀಟಿ ಊದಿದ. ಅಣ್ಣನ ಮುಖ ಹಗುರಾದದ್ದು ನನಗೆ ಕಂಡಿತು. ಅಷ್ಟು ದೂರದಿಂದ ಬಂದದ್ದು ಬರಬೇಡ ಎಂದು ಹೇಳಲು. ಅಕ್ಕಿ ಮಾತ್ರ ಒಳ್ಳೆಯದೇ ತಂದಿದ್ದ.

ರಸ್ತೆಯ ಬದಿಯಲ್ಲಿ ಕೂತು ಯೋಚನೆ ಮಾಡಿದೆ. ನಮ್ಮ ಊರಿಗೂ ಬೇಲಿ ಬಿದ್ದಿದೆ, ಹಟ್ಟಿಗೂ ಬಿದ್ದಿದೆ. ಹಟ್ಟಿಯದು ಕಣ್ಣಿಗೆ ಕಾಣುವ ಮುಳ್ಳು, ಎಲ್ಲಿ ನಿಲ್ಲಬೇಕು ಎಂದಾದರೂ ಗೊತ್ತಾಗುತ್ತದೆ. ಕಾಯಿಲೆ ಇಲ್ಲದ ಜಾಗ ಸುತ್ತಮುತ್ತ ಅದೊಂದೇ. ಕೂಸಿನ ತಾಯಿ ಇರುವುದೂ ಅಲ್ಲೇ. ಟ್ರಂಕನ್ನು ಅಲ್ಲೇ ಪೊದೆಯಲ್ಲಿ ಬಿಟ್ಟು ಗುಡ್ಡ ಹತ್ತಿದೆ.

ಹಟ್ಟಿಯ ಯಜಮಾನ ಓಬಜ್ಜ ಮುಳ್ಳಿನ ಆಚೆ ಕಂಬಳಿ ಹಾಸಿ ಕೂತಿದ್ದ. ತೆಳ್ಳಗಿನ ಮುದುಕ, ಬಾಯಲ್ಲಿ ಹೊಗೆಸೊಪ್ಪು.

"ಕೂಸನ್ನು ಒಳಗೆ ತಗಳ್ರಪ್ಪಾ. ನಾನು ಬ್ಯಾಡ, ಇದೊಂದು ಸಾಕು."

"ಮೊನ್ನೆ ಅಜ್ಜೀನ ತಂದು ಇಟ್ಟು ಹೋದ್ರಿ. ಇವತ್ತು ಕೂಸು ತಂದೀರಿ. ನಾಳೆ ಇನ್ನೇನು ತರ್ತೀರಿ ತಾಯಿ?"

"ಅದು ಹಿಂದಿನಿಂದ ಮಾಡ್ಕೊಂಡು ಬಂದಿದ್ದು. ನಮ್ಮ ಹೊಳೆಸಾಲಲ್ಲೂ ಮಾಡ್ತೀವಿ, ಆದ್ರೆ ನಾವು ಹೊಳೆಗೆ ಬಿಡ್ತೀವಿ. ಯಾರ ಗಡಿಗೂ ಇಡಾಕಿಲ್ಲ."

ಓಬಜ್ಜ ಹೊಗೆಸೊಪ್ಪು ಉಗಿದ.

"ಹೊಳೆ ಕೆಳಗೆ ಊರಿಲ್ವೇನು?"

ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ನನಗೆ ಆ ಮಾತು ಒಂದು ದಿನವೂ ಹೊಳೆದಿರಲಿಲ್ಲ. ನಮ್ಮ ಕುಡಿಕೆಗಳೆಲ್ಲ ತೇಲಿ ಎಲ್ಲಿಗೆ ಹೋದವು ಎಂದು ಯಾರೂ ಕೇಳಿರಲಿಲ್ಲ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದೆ.

ಅವನು ಒಳಗಿನವರ ಜೊತೆ ಮಾತಾಡಿ ಬಂದು ಕಟ್ಟುಪಾಡು ಹೇಳಿದ. ಕಲ್ಲಿನ ಈಚೆ ಒಂದು ಖಾಲಿ ರೊಪ್ಪ ಇದೆ. ಮುಂದಿನ ಸಂತೆಯ ದಿನದ ತನಕ ನಾನೂ ಕೂಸೂ ಅಲ್ಲಿರಬೇಕು. ಊರಿಗೆ ಕಾಲಿಡಬಾರದು, ಊರಿನವರು ಹತ್ತಿರ ಬರಬಾರದು. ಇಬ್ಬರ ಹೊಟ್ಟೆಯೂ ನೆಟ್ಟಗಿದ್ದರೆ ಕೂಸು ಒಳಗೆ. ನಡುವೆ ಊರಿಗೆ ಹೋಗಿ ಬಂದರೆ ಮತ್ತೆ ಮೊದಲಿನಿಂದ ಲೆಕ್ಕ.

ರೊಪ್ಪದಲ್ಲಿ ಕುರಿಹಿಕ್ಕೆಯ ನಾತ, ಉಣ್ಣಿಹುಳದ ಕಾಟ. ಬೆಳಿಗ್ಗೆ ಹಟ್ಟಿಯ ಹೆಂಗಸೊಬ್ಬಳು ಮಡಕೆಯಲ್ಲಿ ನೀರು, ಆಡಿನ ಹಾಲು, ಕಟ್ಟಿಗೆ ತಂದು ಕಲ್ಲಿನ ಹತ್ತಿರ ಇಟ್ಟು ಹೋಗುವಳು. ನಾನು ಕುದಿಸಿ ಪುಟ್ಟಿಗೆ ಕುಡಿಸುವೆ. ಅದು ತಾಯಿಯ ಮೊಲೆ ಹುಡುಕಿ ನನ್ನ ಎದೆಯನ್ನು ಕಚ್ಚುತ್ತಿತ್ತು. ಏನೂ ಇಲ್ಲ ಹೋಗೇ ಎಂದು ಗದರಿದರೆ ಇನ್ನೂ ಅಳುತ್ತಿತ್ತು. ಅದರ ಲಂಗೋಟಿ ಬಿಚ್ಚಿದಾಗೆಲ್ಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನೀರಾಗಿ ಹೋಗಿಲ್ಲ ಎಂದು ಕಂಡ ಮೇಲೆ ಉಸಿರು.

ಸಂತೆ ಇನ್ನು ಹತ್ತಿರವಾಯಿತು ಎನ್ನುವಾಗ ತಿಪ್ಪಣ್ಣ ಬಂದು ಗುಡ್ಡದ ಮೇಲೆ ನಿಂತು ಕೂಗಿದ.

"ಅಮ್ಮಾರೇ! ಗಂಗಿಗೆ ಹಿಡಕಂಡೈತೆ. ನಿಮ್ಮನ್ನೇ ಕೇಳ್ತಾಳೆ. ಬಂದು ಒಂದ್ಲೋಟ ನೀರು ಕುಡಿಸ್ರೀ. ಯಾರೂ ಬಾಗಿಲಿಗೆ ಬರ್ತಾ ಇಲ್ಲ."

"ಕುದಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಗುಟುಕು ಗುಟುಕು ಕುಡಿಸು ತಿಪ್ಪಣ್ಣಾ. ಆಸ್ಪತ್ರೆ ಜೀಪು ಬಂದ್ರೆ ಹತ್ತಿಸು."

"ನೀವು ಬರಾಕಿಲ್ವಾ?"

"ಬರಾಕಿಲ್ಲ."

ನಾನು ಬಗ್ಗಿ ಒಲೆ ಊದಿದೆ. ತಲೆ ಎತ್ತುವಾಗ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಗಂಗಕ್ಕ ಆ ಊರಿನಲ್ಲಿ ನನ್ನನ್ನು ನೋಡಿ ನಕ್ಕ ಮೊದಲ ಹೆಂಗಸು, ಅದೂ ಗೊತ್ತಿತ್ತು. ಹೋದರೆ ಕೂಸಿನ ಲೆಕ್ಕ ಮತ್ತೆ ಮೊದಲಿನಿಂದ ಎಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದೇ ಹೇಳಿದ್ದು.

ಸಂತೆಯ ದಿನ ಓಬಜ್ಜ ಬಂದ. ಕೂಸಿನ ಮೈಮೇಲಿನದೆಲ್ಲ ಬಿಚ್ಚಿ ಸುಡಿಸಿದ. ಚಪ್ಪಟೆ ಕಲ್ಲಿನ ಮೇಲೆ ಅದನ್ನು ಕೂರಿಸಿ ನನ್ನನ್ನು ದೂರ ಹೋಗಲು ಹೇಳಿದ. ಹಟ್ಟಿಯ ಮುದುಕಿಯೊಬ್ಬಳು ಬೇವಿನ ನೀರು ಸುರಿದು ತೊಳೆದಳು. ಶಾರದ ಅಲ್ಲೇ ತುದಿಗಾಲಲ್ಲಿ ನಿಂತಿದ್ದಳು. ಮುದುಕಿ ತಲೆಯಾಡಿಸಿದ ಮೇಲೆ ಎತ್ತಿಕೊಂಡು ಅಲ್ಲೇ ಕುಕ್ಕರಿಸಿ ಕೂತಳು. ಕೂಸು ಮೊಲೆಗೆ ಬಾಯಿ ಹಾಕಿತು. ಇಷ್ಟು ದಿನದ ಮೇಲೂ ಹಾಲು ಬತ್ತಿರಲಿಲ್ಲ, ಜ್ವರದ ಬಾಣಂತಿಯ ಹಸುಗೂಸಿಗೆ ಅವಳೇ ಕುಡಿಸಿದ್ದಳಂತೆ.

"ನೀನಿನ್ನು ಹೋಗು ತಾಯಿ" ಎಂದ ಓಬಜ್ಜ.

"ನನ್ನ ಹೊಟ್ಟೇನೂ ನೆಟ್ಟಗೇ ಐತಲ್ಲ."

"ಕೂಸಿಗೆ ಅವ್ವ ಬೇಕಾಗಿತ್ತು, ಬಿಟ್ಕೊಂಡ್ವಿ. ನಿಂಗೇನು ಬೇಕು?"

ಅವರು ಮುಳ್ಳು ಸರಿಸಿ ಮಗಳನ್ನೂ ಕೂಸನ್ನೂ ಒಳಗೆ ಕರೆದುಕೊಂಡು, ಮತ್ತೆ ಮುಳ್ಳು ಎಳೆದರು.

ಆ ಬೇಸಿಗೆ ಹಟ್ಟಿಯಲ್ಲಿ ಒಬ್ಬರೂ ಸಾಯಲಿಲ್ಲ. ಬಾಣಂತಿಯೂ ಉಳಿದಳು. ನಮ್ಮ ಊರಲ್ಲಿ ಸತ್ತವರನ್ನು ನಾನು ಎಣಿಸಲಿಲ್ಲ. ಮಳೆ ಬಿದ್ದ ಮೇಲೆ ದಾರಿ ಬಿಟ್ಟಿತು, ಶಾರದ ಪುಟ್ಟಿಯನ್ನು ಎತ್ತಿಕೊಂಡು ಬಂದಳು. ಈಗ ಪುಟ್ಟಿ ಶಾಲೆಗೆ ಹೋಗುತ್ತಾಳೆ. ಹಟ್ಟಿಯಲ್ಲಿ ಅವಳನ್ನು ಯಾರೂ ಕಲ್ಲಿನ ಹತ್ತಿರ ನಿಲ್ಲಿಸುವುದಿಲ್ಲ, ಓಡಿಕೊಂಡು ಒಳಗೆ ಹೋಗುತ್ತಾಳೆ. ನಾನು ಇವತ್ತಿಗೂ ಚಪ್ಪಲಿ ಬಿಟ್ಟು ನಿಂತು ಕೂಗುತ್ತೇನೆ. ಊರಿನವರಿಗೆ ನಾನು ಹಟ್ಟಿಯ ಕಡೆಯವಳು. ಹೊನ್ನಾಳಿಗೆ ಬಂದರೆ ನೀವು, ಜಗಳೂರಮ್ಮ ಬಂದ್ಲು, ಚಾಪೆ ಹಾಸ್ರಿ ಎನ್ನುತ್ತೀರಿ. ತಂಗಿಗೆ ಯಾರೂ ಚಾಪೆ ಹಾಸುವುದಿಲ್ಲ, ನೆಂಟರಿಗೆ ಹಾಸುತ್ತಾರೆ. ಇಲ್ಲಿ ಬೇಳೆ ಬೇಯದಾಗ ಹೊಳೆಯ ನೀರು ನೆನಪಾಗುತ್ತದೆ. ಅಲ್ಲಿ ಹೊಳೆಗೆ ಇಳಿದಾಗ ಕೆಳಗಿನ ಊರು ನೆನಪಾಗಿ ಕೊಡ ಭಾರವಾಗುತ್ತದೆ.

ಕೂಸನ್ನು ಒಪ್ಪಿಸಿದ ಸಂಜೆ ನಾನು ಊರಿಗೆ ಇಳಿದಾಗ ಗಂಗಕ್ಕನನ್ನು ಮಣ್ಣು ಮಾಡಿ ಆಗಿತ್ತು. ಜೀಪು ಬಂದಿತ್ತಂತೆ, ತಡವಾಗಿ. ತಿಪ್ಪಣ್ಣ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೆಣ ಹೊರಗೆ ತಂದ ಮೇಲೆ ಅವಳು ಸತ್ತ ಕೋಣೆಗೆ ಅವನೂ ಹೋಗಿರಲಿಲ್ಲ, ಅಕ್ಕಪಕ್ಕದವರೂ ಹೋಗಿರಲಿಲ್ಲ. ಕದ ಹಾಗೇ ತೆರೆದಿತ್ತು, ಒಳಗೆ ನೊಣ. ನನ್ನನ್ನು ನೋಡಿ ಅವನು ಮುಖ ಆಚೆ ತಿರುಗಿಸಿದ. ನಾನು ನನ್ನ ಬಾಗಿಲು ಹಾಕಿಕೊಂಡು ಮಲಗಿದೆ.

ಮಾರನೆಯ ಬೆಳಿಗ್ಗೆ ಎದ್ದು ಸೀರೆ ಎತ್ತಿ ಕಟ್ಟಿ ಆ ಕೋಣೆಗೆ ಹೋದೆ. ಚಾಪೆ, ಕೌದಿ ಎಳೆದು ತಂದು ಊರ ಹೊರಗೆ ಸುಟ್ಟೆ. ನೆಲ ಕೆರೆದು ಹೊಸ ಮಣ್ಣು ಮೆತ್ತಿ ಸಾರಿಸಿದೆ. ಸುಣ್ಣ ಕಲಸಿ ಗೋಡೆಗೆ ಬಳಿಯತೊಡಗಿದೆ. ಮೂರು ಗೋಡೆಗೆ ಸುಣ್ಣ ಮುಗಿಯಿತು. ತಿಪ್ಪಣ್ಣ ಎಲ್ಲಿಂದಲೋ ಇನ್ನೊಂದು ಬುಟ್ಟಿ ಸುಣ್ಣ ತಂದ. ಹೊಸ್ತಿಲ ಹೊರಗೆ ಇಟ್ಟು, ಹಿಂದಕ್ಕೆ ಸರಿದು ನಿಂತ. ನಾನು ಬಂದು ಎತ್ತಿಕೊಂಡು ನಾಲ್ಕನೇ ಗೋಡೆಗೆ ಹಚ್ಚಿದೆ.